ರಿಪೇರಿಗೆ ಬಂದ ಮೆಶೀನು

ನನ್ನ ಮಗಳು ಗೌರಿಬಿದನೂರಿನ ಗಂಡನ ಮನೆಯಿಂದ ತವರಿಗೆ ಬರುವಾಗಲೆಲ್ಲ ತೊಡೆಯ ಮೇಲೆ ಒಂದು ಮೆಶೀನು ಇಟ್ಟುಕೊಂಡು ಬರುತ್ತಿದ್ದಳು. ಹಳೇ ಟವೆಲಿನಲ್ಲಿ ಸುತ್ತಿ, ಧೂಳು ಕೂರಬಾರದೆಂದು ಮೇಲೆ ಸೆರಗು ಹೊದಿಸಿ. ಬಸ್ಸಿನಲ್ಲಿ ಜನ ಎಳೇಮಗು ಎಂದುಕೊಂಡು ಕಿಟಕಿ ಪಕ್ಕ ಜಾಗ ಬಿಡುತ್ತಿದ್ದರಂತೆ. ಕ್ಯಾಸೆಟ್ಟು ಹಾಕಿ ಟೀವಿಯಲ್ಲಿ ಸಿನಿಮಾ ನೋಡುವ ಮೆಶೀನು ಅದು. ವಿಸಿಪಿ ಎನ್ನುತ್ತಿದ್ದರು. ಡಿವಿಡಿ ಬರುವುದಕ್ಕೆ ಎಷ್ಟೋ ಮುಂಚಿನ ಮಾತು. ಈಗ ನನ್ನ ಮಗನ ಮಕ್ಕಳಿಗೆ ತೋರಿಸಿದರೆ ಇದೇನಜ್ಜಿ ಇಡ್ಲಿ ಬೇಯಿಸೋದಾ ಎಂದು ಕೇಳುತ್ತವೆ.

ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಚರಕ. ರೇಷ್ಮೆಗೂಡಿನಿಂದ ನೂಲು ಬಿಚ್ಚುವುದು ನಮ್ಮ ಕಸುಬು. ನನ್ನ ಗಂಡ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಗೂಡು ತರುತ್ತಿದ್ದರು. ಕುದಿಯುವ ಬಾಣಲೆಯಲ್ಲಿ ಬೆರಳು ಹಾಕಿ ಗೂಡಿನ ಎಳೆಯ ತುದಿ ಹುಡುಕುವುದು ನನ್ನ ಕೆಲಸ. ಬೆಂದ ಹುಳದ ವಾಸನೆ ನಮ್ಮ ಬಟ್ಟೆಗೆ, ಕೂದಲಿಗೆ, ಅನ್ನಕ್ಕೆ ಎಲ್ಲದಕ್ಕೂ ಹತ್ತಿರುತ್ತದೆ. ನಮಗೆ ಗೊತ್ತಾಗುವುದಿಲ್ಲ, ಬೇರೆಯವರಿಗೆ ಗೊತ್ತಾಗುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ಬರೆಯುವಾಗ ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಮಗಳನ್ನು ಕೊಟ್ಟ ಮನೆಯವರದು ಗೊಬ್ಬರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯ ಮಾತುಕತೆಯಲ್ಲಿ ಹುಡುಗನ ತಾಯಿ ಬಂಗಾರದ ವಿಷಯ ಜಾಸ್ತಿ ಎಳೆಯಲಿಲ್ಲ. "ನಮ್ಮನೇಲಿ ಕಲರ್ ಟೀವಿ ಐತೆ, ವಿಸಿಪಿ ಒಂದಿಲ್ಲ. ಹುಡುಗಿ ಜೊತೆ ಅದು ಬಂದ್ರೆ ಹುಡುಗಿಗೂ ಹೊತ್ತು ಹೋಯ್ತದೆ" ಎಂದರು. ನನ್ನ ಗಂಡ ಚಿಂತಾಮಣಿಯಲ್ಲಿ ವಿಚಾರಿಸಿದರು. ಕುವೈತಿನಿಂದ ಬಂದವರೊಬ್ಬರ ಮನೆಯಲ್ಲಿ ಒಂದು ಸಿಕ್ಕಿತು. ಕಪ್ಪು ಬಣ್ಣ, ಮುಂದೆ ಬಾಯಿ, ಬಾಯಿಗೆ ಮುಚ್ಚಳ. ಮದುವೆಯ ದಿನ ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲಿ ಅದನ್ನೂ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದೆವು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಹೆಣ್ಣಿನ ಜೊತೆ ಕೊಟ್ಟ ಹಿತ್ತಾಳೆ ಪಾತ್ರೆಯ ಕಲಾಯಿ ಹೋದರೆ ಅದನ್ನು ತವರಿನವರೇ ಹಾಕಿಸಿ ಕೊಡಬೇಕು. ಹೆಣ್ಣು ಪಾತ್ರೆ ಹೊತ್ತುಕೊಂಡು ತವರಿಗೆ ಬರುತ್ತಾಳೆ. ಕಲಾಯಿಯವನು ಬರುವ ತನಕ ಇರುತ್ತಾಳೆ, ತಲೆಗೆ ಎಣ್ಣೆ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡು, ಹೊಳೆಯುವ ಪಾತ್ರೆ ಹೊತ್ತುಕೊಂಡು ಹೋಗುತ್ತಾಳೆ. ಹಬ್ಬಕ್ಕೆ ಕಳಿಸದ ಅತ್ತೆಯೂ ಕಲಾಯಿಗೆ ಕಳಿಸುತ್ತಿದ್ದಳು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಮನೆಮಂದಿಯೆಲ್ಲ ವಾಂತಿ ಮಾಡಬೇಕಲ್ಲ. ನಾನು ಹೊಸ ಸೊಸೆಯಾಗಿದ್ದಾಗ ತವರು ನೋಡಬೇಕು ಅನ್ನಿಸಿದರೆ ಪಾತ್ರೆಗೆ ಮರಳು ಹಾಕಿ ಗಟ್ಟಿಯಾಗಿ ಉಜ್ಜುತ್ತಿದ್ದೆ. ಎಲ್ಲ ಹೆಂಗಸರೂ ಉಜ್ಜುತ್ತಿದ್ದರು. ಅತ್ತೆಯಂದಿರಿಗೂ ಗೊತ್ತಿತ್ತು.

ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿ ಹೋಯಿತು, ಪದ್ಧತಿ ಮಾತ್ರ ಉಳಿಯಿತು. ಬೀಗಿತ್ತಿ ಅದನ್ನು ಮೆಶೀನಿಗೆ ಅಂಟಿಸಿದರು.

ಮದುವೆಯಾದ ವರ್ಷವೇ ಮಗಳು ಮೊದಲ ಸಲ ಮೆಶೀನು ತೊಡೆಯ ಮೇಲಿಟ್ಟುಕೊಂಡು ಬಂದಳು. "ಚಿತ್ರ ಬರ್ತಿಲ್ಲ ಕಣಮ್ಮ, ಟೀವಿ ತುಂಬ ಬರೀ ಹಿಟ್ಟು ಉದುರ್ದಂಗೆ ಕಾಣ್ತೈತೆ. ಕೊಟ್ಟಿದ್ದು ಕೆಟ್ರೆ ಕೊಟ್ಟೋರೇ ನೋಡ್ಬೇಕಂತೆ, ನೆಟ್ಟಗಾದ್ಮೇಲೆ ಬಾ ಅಂದ್ರು" ಎಂದಳು.

ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುವ ಸಾಬರು ಒಬ್ಬರಿದ್ದರು. ನನ್ನ ಗಂಡನಿಗೆ ಬಹಳ ವರ್ಷದ ಪರಿಚಯ. ಅವರು ಮುಚ್ಚಳ ಬಿಚ್ಚಿ ಊದಿದರು. ಬಿಳೀ ಪುಡಿ ಎದ್ದು ಅವರ ಗಡ್ಡದ ಮೇಲೆ ಕೂತಿತು.

"ಇದೇನಮ್ಮಾ, ಮೆಶೀನಿಗೆ ಗೊಬ್ಬರ ಹಾಕಿದೀರ? ಬೆಳೀಲಿ ಅಂತಾನಾ?"

ನಾನು ನಗಲಿಲ್ಲ. ಮಗಳು ನಕ್ಕಳು. ಅವಳು ನಕ್ಕಿದ್ದು ನೆನಪಿರುವುದರಿಂದ ಬರೆದೆ.

ಒಳಗೆ ಬೆಳ್ಳಿಯ ಲೋಟ ಬೋರಲು ಹಾಕಿದಂಥ ಒಂದು ಡ್ರಮ್ಮು. ಸಾಬರು ನನ್ನನ್ನು ಹತ್ತಿರ ಕರೆದು ತೋರಿಸಿದರು. "ಇದ್ರ ಸೊಂಟದಾಗೆ ಎರಡು ಹಲ್ಲು ಐತೆ ನೋಡಿ, ಸಾಸಿವೆಗಿಂತ ಸಣ್ಣದು. ಅದಕ್ಕೆ ಹೆಡ್ ಅಂತಾರೆ. ಟೇಪಿನಲ್ಲಿರೋ ಚಿತ್ರ ಓದೋದು ಅದೇ. ಅದಕ್ಕೆ ಕೊಳೆ ಕೂತ್ರೆ ಮೆಶೀನು ಕುರುಡು." ಆಮೇಲೆ ಮೆತ್ತನೆಯ ಚರ್ಮದ ಒಂದು ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡ್ರಮ್ಮಿನ ಪಕ್ಕಕ್ಕೆ ಆನಿಸಿ ಹಿಡಿದರು. ಇನ್ನೊಂದು ಕೈಯಲ್ಲಿ ಡ್ರಮ್ಮಿನ ನೆತ್ತಿಯ ಮೇಲೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದರು. "ಚರ್ಮ ಹಿಡಿದ ಕೈ ಅಲ್ಲಾಡಬಾರ್ದು. ನಾವು ಉಜ್ಜೋದಲ್ಲ, ಅದೇ ಬಂದು ಉಜ್ಜಿಸ್ಕೋಬೇಕು. ಮೇಲೆ ಕೆಳಗೆ ಎಳೆದ್ರಿ, ಹಲ್ಲು ಖತಂ. ಹತ್ತಿ ಬೇಡ, ಹಳೇ ಪಂಚೆ ಬೇಡ. ನಾರು ಬಿಡೋ ಯಾವ್ದೂ ಬೇಡ."

ಚರ್ಮದ ಮೇಲೆ ಕಾಡಿಗೆಯಂಥ ಕರಿ ಗೆರೆ ಬಂತು. ಟೀವಿಗೆ ಹಾಕಿದರು, ಚಿತ್ರ ಬಂತು. ಆ ಕೆಲಸ ನನಗೆ ಅರ್ಥವಾಯಿತು. ಬಾಣಲೆಯಲ್ಲೂ ಹಾಗೆಯೇ. ಕೈ ನಿಲ್ಲಬೇಕು, ಚರಕ ತಿರುಗಬೇಕು. ಸಾಬರು ಚರ್ಮದ ಒಂದು ಚೂರನ್ನು ಮಗಳ ಕೈಗೇ ಕೊಟ್ಟರು. ಅಲ್ಲೇ ಒರೆಸಿಕೊಂಡರೆ ಮತ್ತೆ ಹೊತ್ತು ತರುವ ಗೋಳಿಲ್ಲ ಎಂದು. ನಾನು ಅವಳಿಗೆ ಮುಚ್ಚಳ ತೆಗೆಯುವುದು, ಡ್ರಮ್ಮು ತಿರುಗಿಸುವುದು ಎರಡನ್ನೂ ಕಲಿಸಿ ಕಳಿಸಿದೆ.

ಕೆಲವು ತಿಂಗಳಿಗೆ ಮತ್ತೆ ಬಂದಳು. ಮೆಶೀನಿನ ಬಾಯಲ್ಲಿ ಅದೇ ಬಿಳೀ ಪುಡಿ.

"ಚರ್ಮ ಕೊಟ್ಟಿದ್ನಲ್ಲೇ, ಒರೆಸ್ಲಿಲ್ವಾ?"

"ಅತ್ತೆ ಬಚ್ಚಲ ಹಿಂದಕ್ಕೆ ಎಸೆದ್ರು. ದೇವರ ಗೂಡಿನ ಪಕ್ಕ ಚರ್ಮ ಇಡ್ತೀಯಾ ಅಂತ."

"ಹಾಗಾದ್ರೆ ಮೆಶೀನನ್ನ ಅಂಗಡಿಯಿಂದ ದೂರ ಒಳಗಿನ ರೂಮಲ್ಲಿ ಇಡೋಕೆ ಹೇಳು."

"ನಾನು ಹೇಳಿದ್ರೆ ಕೇಳ್ತಾರಾ?" ಎಂದಳು. ಟವೆಲು ಮಡಚುತ್ತ, "ನನ್ನನ್ನ ಅಡುಗೆ ಮುಟ್ಟೋಕೆ ಬಿಡಲ್ಲಮ್ಮ. ನನ್ನ ಕೈ ಹುಳದ ವಾಸನೆ ಬರ್ತದಂತೆ" ಎಂದಳು.

ಅವಳು ಮದುವೆಯಾಗಿ ಹೋದ ಮೇಲೆ ಬಾಣಲೆಗೆ ಕೈ ಹಾಕಿಲ್ಲ. ಆದರೂ ನಾನು ಅವಳ ಕೈ ಹಿಡಿದು ಮೂಸಿ ನೋಡಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮೂಗನ್ನು ನಂಬುವ ಹಾಗೂ ಇರಲಿಲ್ಲ. ಅವಳ ಗಂಡ ಏನಂತಾನೆ ಎಂದು ಕೇಳಿದೆ. "ಏನೂ ಅನ್ನಲ್ಲ" ಎಂದಳು. ಬೈಯುವ ಗಂಡನಿಗಾದರೂ ಒಂದು ಉತ್ತರ ಕೊಡಬಹುದು. ಏನೂ ಅನ್ನದವನನ್ನು ಏನು ಮಾಡುವುದು?

ಹೀಗೆ ಅವಳು ಬರುವುದು, ಸಾಬರು ಒರೆಸುವುದು, ನಾವು ಕಳಿಸುವುದು ಅಭ್ಯಾಸವಾಗಿ ಹೋಯಿತು. ಪ್ರತಿ ಸಲ ಅವಳು ಸೊರಗಿ ಬರುತ್ತಿದ್ದಳು, ರವಿಕೆ ದೊಡ್ಡದಾಗುತ್ತಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮೆಶೀನು ಓಡಬೇಕು, ಇವಳು ಹೋಗಬೇಕು. ತಿರುಗಿ ಬಂದ ಹೆಣ್ಣಿಗೆ ನಮ್ಮ ಬೀದಿಯಲ್ಲಿ ಏನು ಹೆಸರು ಎಂದು ನನಗೆ ಗೊತ್ತಿತ್ತು. ನಾನೇ ಬೇರೆಯವರಿಗೆ ಆ ಹೆಸರು ಇಟ್ಟಿದ್ದುಂಟು.

ಬೀದಿ ನಲ್ಲಿಯಲ್ಲಿ ಎದುರು ಮನೆಯವಳು ಬಿಡುತ್ತಿರಲಿಲ್ಲ. "ಏನಕ್ಕಾ, ಮಗಳೂ ಬಂದವ್ಳೆ, ಮೆಶೀನೂ ಬಂದೈತೆ. ಎರಡರಾಗೆ ಕೆಟ್ಟಿರೋದು ಯಾವ್ದು?"

"ನಿನ್ನ ಬಾಯಿ ಕಣೇ. ಮೊದ್ಲು ಅದಕ್ಕೆ ಕಲಾಯಿ ಹಾಕಿಸ್ಕೊ."

ಅವಳು ನಕ್ಕು ಕೊಡ ಎತ್ತಿಕೊಂಡು ಹೋದಳು. ನಾನು ಮನೆಗೆ ಬಂದು ಕೊಡ ಇಳಿಸಿ, ಮೆಶೀನು ಆಯ್ತಾ ನೋಡ್ಕೊಂಡು ಬನ್ನಿ ಎಂದು ಗಂಡನನ್ನು ಸಾಬರ ಅಂಗಡಿಗೆ ಓಡಿಸಿದೆ.

ಕೊನೆಯ ಸಲ ಅವಳು ಬಂದಿದ್ದು ರಂಜಾನ್ ತಿಂಗಳ ಕಡೆಯಲ್ಲಿ. ಅವಳ ನಾದಿನಿಯ ನಿಶ್ಚಿತಾರ್ಥವಿದೆ, ಜನ ಬರುತ್ತಾರೆ, ಅಷ್ಟರಲ್ಲಿ ಮೆಶೀನು ನೆಟ್ಟಗಿರಬೇಕು, ಇಲ್ಲದಿದ್ದರೆ ಎರಡೂ ಅಲ್ಲೇ ಇರಲಿ ಎಂದು ಬೀಗಿತ್ತಿ ಹೇಳಿ ಕಳಿಸಿದ್ದರು. ಎರಡೂ ಎಂದರೆ ಯಾವ ಎರಡು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಗಂಡ ಮೆಶೀನು ಎತ್ತಿಕೊಂಡು ಸಾಬರ ಅಂಗಡಿಗೆ ಹೋದರು. ಬಾಗಿಲು ಹಾಕಿತ್ತು. ಹಬ್ಬಕ್ಕೆ ಹೆಂಡತಿಯ ಊರಿಗೆ ಹೋಗಿದ್ದಾರೆ, ಹಬ್ಬ ಮುಗಿಸಿಯೇ ಬರುವುದು ಎಂದು ಪಕ್ಕದ ಅಂಗಡಿಯವರು ಹೇಳಿದರು. ಚಿಕ್ಕಬಳ್ಳಾಪುರಕ್ಕೆ ಒಯ್ದರೆ ಅಲ್ಲಿ ಒಬ್ಬ ಬಿಚ್ಚಿ ನೋಡಲೂ ಒಪ್ಪಲಿಲ್ಲ, ಬಿಟ್ಟು ಹೋಗಿ ನೋಡಣ ಎಂದ. ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಅಷ್ಟರೊಳಗೆ ಸಾಬರು ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬಿಟ್ಟು ಬರಲು ಧೈರ್ಯವಾಗದೆ ವಾಪಸ್ಸು ತಂದರು.

ನಾನೇ ಮಾಡುತ್ತೇನೆ ಎಂದೆ. ಅಷ್ಟು ಸಲ ನೋಡಿದ್ದೆ. ಸ್ಪಿರಿಟ್ಟು ಮೆಡಿಕಲ್ ಅಂಗಡಿಯಲ್ಲಿ ಸಿಕ್ಕಿತು. ಚರ್ಮ ಇರಲಿಲ್ಲ. ಹತ್ತಿ ಬೇಡ, ಪಂಚೆ ಬೇಡ, ನಾರು ಬಿಡುವುದು ಬೇಡ ಎಂದು ಸಾಬರು ಹೇಳಿದ್ದರು. ನಾರು ಬಿಡದ ಮೆತ್ತನೆಯ ವಸ್ತು ನಮ್ಮ ಮನೆಯಲ್ಲಿ ಒಂದೇ ಇತ್ತು. ಅಂದು ಚರಕದಿಂದ ಇಳಿಸಿದ ನೂಲಿನ ಲಡಿ. ರೇಷ್ಮೆ ನಾರು ಬಿಡುವುದಿಲ್ಲ. ಹತ್ತಿಯ ಹಾಗೆ ತುಂಡು ತುಂಡು ಸೇರಿಸಿ ಮಾಡಿದ್ದಲ್ಲ ಅದು. ಒಂದು ಗೂಡಿನ ಎಳೆ ಬಿಚ್ಚುತ್ತ ನಡೆದರೆ ಊರು ದಾಟಬಹುದು, ನಡುವೆ ತುದಿಯೇ ಇಲ್ಲ. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡೆ. ಶಿಡ್ಲಘಟ್ಟದಲ್ಲಿ ಯಾವ ಹೆಂಗಸನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು.

ಬೆರಳು ದಪ್ಪದ ನೂಲನ್ನು ಮಡಚಿ ಸ್ಪಿರಿಟ್ಟಿನಲ್ಲಿ ಅದ್ದಿದೆ. ಡ್ರಮ್ಮಿಗೆ ಆನಿಸಿ ಹಿಡಿದೆ. ಕೈ ಅಲ್ಲಾಡಿಸಲಿಲ್ಲ. ಮಗಳು ಟಾರ್ಚು ಹಿಡಿದುಕೊಂಡು ಕೂತಿದ್ದಳು. ನೆತ್ತಿಯ ಮೇಲೆ ಬೆರಳಿಟ್ಟು ತಿರುಗಿಸಿದೆ. ಕರಿ ಬಂತು. ಬಂತು ನೋಡು ಎಂದೆ. ಇನ್ನೊಂದು ಸುತ್ತು ತಿರುಗಿಸುವಾಗ ಏನೋ ಹಿಡಿದ ಹಾಗಾಯಿತು. ಒಂದು ಎಳೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಎಳೆ ತಾನೇ, ಹರಿಯುತ್ತದೆ ಎಂದು ಬೆರಳು ನಿಲ್ಲಿಸಲಿಲ್ಲ. ಅನ್ನದಲ್ಲಿ ಕಲ್ಲು ಕಡಿದಂತೆ ಸಣ್ಣ ಸದ್ದು ಬಂತು.

ನಾನು ತೆಗೆದ ನೂಲು ಹರಿಯುವುದಿಲ್ಲ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಅಂದೂ ಹರಿಯಲಿಲ್ಲ. ಮೆಶೀನಿನ ಹಲ್ಲು ಮುರಿಯಿತು.

ಕ್ಯಾಸೆಟ್ಟು ಹಾಕಿ ನೋಡಿದೆವು. ಟೀವಿಯ ತುಂಬ ಬಿಳೀ ಚುಕ್ಕಿ, ಸದ್ದು ಮಾತ್ರ ಬರುತ್ತಿತ್ತು, ಯಾರೋ ಯಾರಿಗೋ ಬೈಯುತ್ತಿದ್ದರು. ಮಗಳು ಟಾರ್ಚು ಆರಿಸಿದಳು. "ಹೋಗ್ಲಿ ಬಿಡಮ್ಮ" ಎಂದಳು. ಅವಳ ದನಿಯಲ್ಲಿ ಗಾಬರಿಯೇ ಇಲ್ಲದ್ದನ್ನು ನೋಡಿ ನನಗೆ ಸಿಟ್ಟು ಬಂತು. ನಿನ್ನ ಬಾಳು ಹೋಗ್ತಾ ಇದೆ, ಹೋಗ್ಲಿ ಬಿಡು ಅಂತೀಯಲ್ಲೇ ಎಂದು ಬೈದೆ.

ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಹಬ್ಬ ಮುಗಿಸಿ ಬಂದ ಸಾಬರು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು. ಯಾವುದರಲ್ಲಿ ಒರೆಸಿದಿರಿ ಎಂದು ಕೇಳಿದರು, ಹೇಳಿದೆ. ಬೈಯಲಿಲ್ಲ. "ರೇಷ್ಮೆ ಆ ಹಲ್ಲಿಗಿಂತ ಗಟ್ಟಿ ಅಲ್ವಾ ಅಮ್ಮಾ" ಎಂದರು ಅಷ್ಟೆ. ಹೊಸ ಹೆಡ್ಡು ಬೆಂಗಳೂರಿನಿಂದ ಬರಬೇಕು, ಕುವೈತಿನ ಮೆಶೀನಿಗೆ ಇಲ್ಲಿ ಸಾಮಾನು ಸಿಗುವುದು ಕಷ್ಟ, ಹೇಳಿಟ್ಟಿರುತ್ತೇನೆ ಎಂದರು.

ನಿಶ್ಚಿತಾರ್ಥದ ಹಿಂದಿನ ದಿನ ನಾನೂ ನನ್ನ ಗಂಡನೂ ಮೆಶೀನು ತೆಗೆದುಕೊಂಡು ಗೌರಿಬಿದನೂರಿಗೆ ಹೋದೆವು. ಕೆಟ್ಟದ್ದನ್ನು ತೋರಿಸಿ, ಸಾಮಾನು ಬರುವ ತನಕ ಟೈಮು ಕೇಳಿ, ಮಗಳನ್ನು ಮಾತ್ರ ನಿಶ್ಚಿತಾರ್ಥಕ್ಕೆ ಕರೆಸಿಕೊಳ್ಳಿ ಎಂದು ಕೇಳುವುದು. ಸೊಸೆ ಇಲ್ಲದೆ ನಿಶ್ಚಿತಾರ್ಥ ನಡೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ.

ಅಂಗಡಿಯ ಗೊಬ್ಬರದ ಮೂಟೆ ಪಕ್ಕದಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಒಳಗೆ ಸಿನಿಮಾ ಓಡುತ್ತಿತ್ತು. ಹೊಡೆದಾಟದ ಸದ್ದು. ಬಾಗಿಲ ಪರದೆ ಗಾಳಿಗೆ ಎದ್ದಾಗ ನೋಡಿದೆ. ಚಾಪೆಯ ಮೇಲೆ ನೆಂಟರು ಕೂತಿದ್ದರು. ಟೀವಿಯ ಕೆಳಗೆ ಬೆಳ್ಳಿ ಬಣ್ಣದ ಹೊಸ ಮೆಶೀನು, ಅದರ ಹಣೆಯಲ್ಲಿ ಕೆಂಪು ದೀಪ.

ಬೀಗಿತ್ತಿ ಕೈ ಒರೆಸಿಕೊಳ್ಳುತ್ತ ಬಂದರು. "ಬನ್ನಿ ಬನ್ನಿ. ಬಸ್ಸು ಸಿಕ್ತಾ?"

ನನ್ನ ಗಂಡನಿಗೆ ಒಳಗಿನದು ಕಂಡಿರಲಿಲ್ಲ. ಟವೆಲು ಬಿಚ್ಚಿ ಮೆಶೀನನ್ನು ಮುಂದಿಟ್ಟರು. "ಅಮ್ಮಾ, ಇದ್ರ ಹೆಡ್ಡು ಹೋಗೈತಂತೆ. ಬೆಂಗಳೂರಿಂದ ತರ್ಸಿ ಹಾಕಿಸ್ಕೊಡ್ತೀವಿ. ಅದು ಬರೋವರ್ಗೂ ಹುಡುಗಿ ಬಂದು ನಿಮ್ಮ ಜೊತೆ ಇರ್ಲಿ. ನಾಳೆ ಕೆಲ್ಸಕ್ಕೂ ಆಯ್ತದೆ."

"ನೆಟ್ಟಗೆ ಮಾಡಿ ಕಳ್ಸಿ ಅಂದಿದ್ದೆ. ಕೆಟ್ಟಿದ್ದನ್ನೇ ಹೊತ್ಕೊಂಡು ಬಂದಿದೀರಲ್ಲ."

ನಾನು ಕೇಳಿದೆ, "ಒಳಗೆ ಓಡ್ತಾ ಇರೋದು ಯಾವ್ದಮ್ಮ?"

"ಅದಾ? ನನ್ನ ಮಗ ತಂದಿದ್ದು. ಜನ ಬರೋ ಮನೆ. ನಿಮ್ಮ ಹುಳದ ಮನೆ ಮೆಶೀನ್ ನಂಬ್ಕೊಂಡು ಕೂರೋಕಾಯ್ತದಾ?"

"ಅದೇ ಓಡ್ತಿದ್ರೆ ಇದು ಯಾಕೆ ರಿಪೇರಿ ಆಗ್ಬೇಕು?"

"ಕೊಟ್ಟಿದ್ದು ಕೊಟ್ಟಂಗೆ ಇರ್ಬೇಕಲ್ಲಮ್ಮ."

"ಮಗಳನ್ನೂ ಕೊಟ್ಟಿದ್ವಿ. ಅವಳೂ ಕೊಟ್ಟಂಗೆ ಇಲ್ಲ. ಅರ್ಧ ಆಗೋಗವ್ಳೆ. ಅದಕ್ಕೆ ಯಾರು ಕಲಾಯಿ ಹಾಕಿಸ್ಬೇಕು?"

ನನ್ನ ಗಂಡ ನನ್ನ ಸೆರಗು ಹಿಡಿದು ಎಳೆದರು. ಬೀಗಿತ್ತಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಂದು ದಾರಿಯಿತ್ತು. ಜಗಳ ಮಾಡಬಹುದು, ಹಿರಿಯರನ್ನು ಕೂರಿಸಬಹುದು. ಅವರು ಸೊಂಟದ ಮೇಲೆ ಕೈಯಿಟ್ಟು, "ಸರಿ ಬಿಡಮ್ಮಾ. ನಾನೇನು ಬರಬೇಡ ಅಂದ್ನಾ? ಮೆಶೀನು ಓಡಿದ ದಿನ ಒಂದು ಕಾಗದ ಹಾಕಿ, ನೋಡಣ" ಎಂದರು. ಅಷ್ಟರಲ್ಲಿ ಅಳಿಯ ಪರದೆ ಸರಿಸಿ ತಲೆ ಹಾಕಿದ. ನಮ್ಮನ್ನು ನೋಡಿದ, ಬೆಂಚಿನ ಮೇಲಿದ್ದ ಮೆಶೀನು ನೋಡಿದ. ಒಳಗೆ ಯಾರೋ ಜೋರಾಗಿ ನಕ್ಕರು. ಏನಾಯಿತು ಎಂದು ನೋಡಲು ಟೀವಿಯ ಕಡೆ ತಿರುಗಿಕೊಂಡ.

ನನ್ನ ಗಂಡ ಬೀಗಿತ್ತಿಯ ಕಾಲಿಗೆ ಬೀಳಲು ಬಗ್ಗಿದರು. ನಾನು ಅವರ ತೋಳು ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದೆ. ಆಮೇಲೆ ಎಷ್ಟೋ ದಿನ ಅದಕ್ಕೆ ನನ್ನನ್ನು ಬೈದರು, ಬಿದ್ದಿದ್ದರೆ ಏನಾದರೂ ಆಗುತ್ತಿತ್ತು ಎಂದು. ಏನೂ ಆಗುತ್ತಿರಲಿಲ್ಲ, ಮಂಡಿಗೆ ಗೊಬ್ಬರ ಅಂಟುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ನನ್ನ ಗಂಡ ಮೆಶೀನನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತರು, ಮಗಳು ಕೂರುತ್ತಿದ್ದ ಹಾಗೆಯೇ. ಎರಡು ಬಸ್ಸು ಬಿಟ್ಟರು, ಏಳಲೇ ಇಲ್ಲ. "ಇಲ್ಲೇ ಬಿಟ್ಟು ಹೋಗಣ. ಯಾರಾದ್ರೂ ಎತ್ಕೊಂಡು ಹೋಗ್ಲಿ" ಎಂದರು.

"ಇದನ್ನ ಬಿಟ್ರೆ ಅವಳು ಆ ಮನೆಗೆ ವಾಪಸ್ಸು ಹೋಗೋಕೆ ಏನು ನೆಪ ಉಳೀತದೆ?" ಎಂದು ನಾನು ಮೆಶೀನನ್ನು ಕಿತ್ತುಕೊಂಡೆ. ಅದು ಭಾರ. ಮಗಳು ಅದನ್ನು ಅಷ್ಟು ಸಲ ಹೇಗೆ ಹೊತ್ತಳೋ.

ಮನೆಗೆ ಬಂದಾಗ ಮಗಳು ಶೆಡ್ಡಿನಲ್ಲಿ ಬಾಣಲೆಯ ಮುಂದೆ ಕೂತಿದ್ದಳು. ಮದುವೆಯಾದ ಮೇಲೆ ಮೊದಲ ಸಲ. ನಾನು ಸುತ್ತಿ ಬಳಸಿ ಹೇಳುವವಳಲ್ಲ. ಅಲ್ಲಿ ಹೊಸ ಮೆಶೀನು ಬಂದಿದೆ ಎಂದೆ.

"ಗೊತ್ತು. ನಾನಿದ್ದಾಗಲೇ ಬಂದಿತ್ತು" ಎಂದಳು. ಎಳೆ ಹುಡುಕುತ್ತಿದ್ದ ಕೈ ನಿಲ್ಲಲಿಲ್ಲ.

"ಮತ್ತೆ ಬಾಯಿಗೇನಾಗಿತ್ತು? ನಾನು ಇಲ್ಲಿ ಹುಚ್ಚಿ ಥರ ಇದನ್ನ ಒರೆಸ್ತಾ ಕೂತಿದ್ನಲ್ಲೇ?"

"ಹೇಳಿದ್ರೆ ನೀನು ಒರೆಸೋದು ಬಿಡ್ತಿದ್ದೆ." ಬಾಣಲೆಯ ಗೂಡು ತಿರುಗಿಸಿದಳು. "ಇದು ಇಲ್ಲಿ ರಿಪೇರಿ ಆಗ್ತಿದ್ರೆ ನಾನು ರಿಪೇರಿಗೆ ಬಂದೋಳು. ಇದಿಲ್ಲ ಅಂದ್ರೆ ಗಂಡ ಬಿಟ್ಟೋಳು."

ಮೆಶೀನನ್ನು ಒಳಗೆ ತೆಗೆದುಕೊಂಡು ಹೋಗಿ ಹಬೆ ತಾಗದ ಹಾಗೆ ಅಟ್ಟದ ಮೇಲೆ ಇಟ್ಟೆ.

ಮಾರನೇ ದಿನ ನಿಶ್ಚಿತಾರ್ಥ ಅಲ್ಲಿ ನಡೆಯಿತು. ನಾವು ಇಲ್ಲಿ ನೂಲು ತೆಗೆದೆವು. ಅದಾದ ಮೇಲೆ ನಲ್ಲಿಯ ಹತ್ತಿರ ಎದುರು ಮನೆಯವಳು ಬಾಯಿ ತೆಗೆಯುವ ಮುಂಚೆ ನಾನೇ ಹೇಳಿದೆ, "ಹೆಡ್ಡು ಬೆಂಗಳೂರಿಂದ ಬರ್ಬೇಕು ಕಣೇ. ಕುವೈತಿನದು ನೋಡು, ಬೇಗ ಸಿಗಲ್ಲ." ಅವಳು ನನ್ನ ಮುಖ ನೋಡಿದಳು. ಏನು ತಿಳಿಯಿತೋ, "ಹೂಂ, ಫಾರಿನ್ ಸಾಮಾನು ಹಂಗೇ ಅಕ್ಕ" ಎಂದಳು. ಅವಳ ಬಾಯಿಂದ ಬಂದ ಒಳ್ಳೆಯ ಮಾತು ನನಗೆ ನೆನಪಿರುವಂತೆ ಅದೊಂದೇ. ಆಮೇಲೆ ಬೀದಿಯಲ್ಲಿ ಎಲ್ಲರೂ ಅದನ್ನೇ ಕೇಳಿದರು, ಅದನ್ನೇ ಹೇಳಿದೆವು. ಮೇಲೂರಿನ ನೆಂಟರು ಬಂದರೆ ಅವರಿಗೂ ಅದೇ. ಮದುವೆ ಮನೆಗಳಲ್ಲಿ ಮಗಳು ತಾಳಿ ಮೇಲೆ ಕಾಣುವ ಹಾಗೆ ಹಾಕಿಕೊಂಡು ಬರುತ್ತಿದ್ದಳು. ಮೆಶೀನು ಇನ್ನೂ ಆಗ್ಲಿಲ್ವಾ ಎಂದರೆ ಇನ್ನೂ ಇಲ್ಲ ಎನ್ನುತ್ತಿದ್ದಳು.

ಯಾರಾದರೂ ಬಂದಾಗ ಸುಳ್ಳಾಗಬಾರದೆಂದು ಆಗಾಗ ಮೆಶೀನನ್ನು ಇಳಿಸಿ ಮುಚ್ಚಳ ತೆಗೆಯುತ್ತಿದ್ದೆ. ಸಾಬರಿಂದ ಚರ್ಮ ತಂದಿಟ್ಟುಕೊಂಡಿದ್ದೆ. ಸ್ಪಿರಿಟ್ಟಿನಲ್ಲಿ ಅದ್ದಿ, ಕೈ ಅಲ್ಲಾಡಿಸದೆ ಹಿಡಿದು, ಡ್ರಮ್ಮು ತಿರುಗಿಸುತ್ತಿದ್ದೆ. ಮುರಿದ ಹಲ್ಲಿಗೆ ಏನು ಕೊಳೆ ಕೂರುತ್ತದೆ? ಚರ್ಮ ಬೆಳ್ಳಗೇ ಬರುತ್ತಿತ್ತು. ಮಗಳು ನೋಡಿದರೂ ನೋಡದ ಹಾಗೆ ಶೆಡ್ಡಿಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಅವಳ ಬೆರಳೂ ನನ್ನ ಬೆರಳಿನ ಹಾಗೆ ಬೆಂದು ಬಿಳಿಚಿಕೊಂಡಿತ್ತು. ಹುಳದ ವಾಸನೆ ಈಗ ನಿಜವಾಗಿಯೂ ಬರುತ್ತಿದ್ದಿರಬೇಕು.

ಒಂದು ದಿನ ಸಾಬರು ಮಾರುಕಟ್ಟೆಯಲ್ಲಿ ನನ್ನನ್ನು ಕಂಡು ಹತ್ತಿರ ಬಂದರು. ಮುಖದಲ್ಲಿ ಖುಷಿಯಿತ್ತು. "ಅಮ್ಮಾ, ನಿಮ್ಮ ಮೆಶೀನಿಂದು ಹೆಡ್ಡು ಸಿಕ್ಕೈತೆ. ಬೆಂಗಳೂರಾಗೆ ಒಬ್ಬರ ಹತ್ರ ಐತಂತೆ. ತರ್ಸಲಾ? ಒಂದೇ ದಿನದ ಕೆಲಸ, ಓಡ್ತದೆ."

ಓಡಿದರೆ ಕಾಗದ ಹಾಕಬೇಕು. ಹಾಕಿದರೆ ಉತ್ತರಕ್ಕೆ ಕಾಯಬೇಕು. ಉತ್ತರ ಏನೆಂದು ನನಗೂ ಗೊತ್ತಿತ್ತು, ಶೆಡ್ಡಿನಲ್ಲಿ ಕೂತವಳಿಗೂ ಗೊತ್ತಿತ್ತು.

"ಬೇಡ ಸಾಬ್ರೆ" ಎಂದೆ.

ಸಾಬರು ಗಡ್ಡ ಕೆರೆದುಕೊಂಡು ನಿಂತರು.

"ಯಾರಾದ್ರೂ ಕೇಳಿದ್ರೆ?" ಎಂದರು.

"ಸಾಮಾನು ಇನ್ನೂ ಬಂದಿಲ್ಲ ಅನ್ನಿ."

"ಅಂತೀನಿ ಅಮ್ಮಾ" ಎಂದರು.